ಲಕ್ಷ್ಮಿ ಒಲಿದರೆ ಕಪ್ ಒಲಿಯುವುದೇ?

ಯಮುನೆಯ ಈಚೆ ದಡದಲ್ಲಿರುವ ನಮ್ಮ ಬಡಾವಣೆಗೆ ಲಕ್ಷ್ಮೀ ನಗರವೆಂಬ ಹೆಸರು ಹೇಳಿ ಮಾಡಿಸಿದಂತಿದೆ. ವಿಕಾಸ್ ಮಾರ್ಗದ ಉದ್ದಕ್ಕೂ ಸಿ.ಎ. ಕೋಚಿಂಗಿನ ಬೋರ್ಡುಗಳು, ಬೆಳಗಾದರೆ ಬೆನ್ನಿಗೆ ಬ್ಯಾಗು ಏರಿಸಿ ಡೆಬಿಟ್ಟು-ಕ್ರೆಡಿಟ್ಟು ಗುನುಗುತ್ತ ಮೆಟ್ರೋ ಮೆಟ್ಟಿಲಿಳಿಯುವ ಹುಡುಗ ಹುಡುಗಿಯರು. ಹೀಗೆ ಲೆಕ್ಕದವರೇ ತುಂಬಿರುವ ಜಾಗದಲ್ಲಿ ಕ್ರಿಕೆಟ್ಟಿನ ಜಗಳವೂ ಕೊನೆಗೆ ಲೆಕ್ಕದ ಜಗಳವೇ ಆಗುವುದರಲ್ಲಿ ಆಶ್ಚರ್ಯವಿಲ್ಲ.

ಜಗಳ ಹುಟ್ಟಿದ್ದು 2025ರ ಜೂನ್ 3ರ ರಾತ್ರಿ. ನಮ್ಮ ಮೇಲಿನ ಮಹಡಿಯ ರಾಯರ ಮನೆಯಲ್ಲಿ ನಾವೆಲ್ಲ ಟಿ.ವಿ. ಮುಂದೆ ಕುಳಿತಿದ್ದೆವು. ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು ಆರು ರನ್ನುಗಳಿಂದ ಸೋಲಿಸಿ ಬೆಂಗಳೂರು ತಂಡ ಹದಿನೆಂಟನೆಯ ವರ್ಷದಲ್ಲಿ ಮೊದಲ ಐಪಿಎಲ್ ಕಪ್ ಎತ್ತಿತು. 'ಈ ಸಲ ಕಪ್ ನಮ್ದೇ' ಎಂದು ವರ್ಷವರ್ಷವೂ ಕೂಗಿ ಕೂಗಿ ಗೇಲಿಗೆ ಗುರಿಯಾಗಿದ್ದ ರಾಯರ ಮಗ (ಸಿ.ಎ. ಇಂಟರ್ ಓದುತ್ತಿದ್ದಾನೆ) ಬಾಲ್ಕನಿಗೆ ಓಡಿ ಮತ್ತೊಮ್ಮೆ ಕೂಗಿದ. ಕೆಳಗಿನ ಮನೆಯ ಪಂಜಾಬಿ ಆಂಟಿ ಏನೂ ಹೇಳದೆ ಕಿಟಕಿ ಮುಚ್ಚಿಕೊಂಡರು. ಆಗ ರಾಯರು, ಒಳಗೊಳಗೆ ಖುಷಿಯಾಗಿದ್ದರೂ ತೋರಿಸಿಕೊಳ್ಳದೆ, ಒಂದು ಮಾತು ಬಿಟ್ಟರು: "ಬಿಡ್ರಯ್ಯ, ಎಲ್ಲ ದುಡ್ಡಿನ ಆಟ. ಕೋಟಿ ಕೋಟಿ ಸುರಿದರೆ ಹದಿನೆಂಟು ವರ್ಷಕ್ಕೆ ಒಂದು ಸಲವಾದರೂ ಗೆಲ್ಲದೆ ಇರ್ತಾರಾ?"

"ಅಪ್ಪ, ಪರ್ಸ್ ಎಲ್ಲರಿಗೂ ಸೇಮ್! ನಿಮಗೆ ರೂಲೇ ಗೊತ್ತಿಲ್ಲ" ಎಂದ ಮಗ. ಮಾತಿಗೆ ಮಾತು ಬೆಳೆಯಿತು. ಕೊನೆಗೆ "ಅಂಕಲ್, ನೀವೇ ಅಂಪೈರ್" ಎಂದು ನನ್ನ ಕಡೆ ತಿರುಗಿದರು. ರಾಯರ ಮಗಳು, ಒಂಬತ್ತನೆಯ ಕ್ಲಾಸಿನವಳು, ಸೋಫಾದ ಮೂಲೆಯಲ್ಲಿ ಕುಳಿತು ಹಳೆಯ ಚೆಂಡೊಂದನ್ನು ಬೆರಳಲ್ಲಿ ತಿರುಗಿಸುತ್ತಿದ್ದಳು. ಅವಳು ಏನೂ ಹೇಳಲಿಲ್ಲ.

ಮರುದಿನ ಆ ಮಾತು ಎತ್ತುವ ಮನಸ್ಸು ಯಾರಿಗೂ ಇರಲಿಲ್ಲ. ಬೆಂಗಳೂರಿನಲ್ಲಿ ವಿಜಯೋತ್ಸವ ನೋಡಲು ಬಂದವರಲ್ಲಿ ಹನ್ನೊಂದು ಮಂದಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ ಸತ್ತರು. ಹೆಚ್ಚಿನವರು ನಿಮ್ಮದೇ ವಯಸ್ಸಿನವರು. ಮೇಲಿನ ಮನೆಯ ಟಿ.ವಿ. ಎರಡು ದಿನ ಮೌನವಾಗಿತ್ತು. ಜಗಳ ಮತ್ತೆ ತಲೆಯೆತ್ತಿದ್ದು ನವರಾತ್ರಿಯಲ್ಲಿ, ಗೊಂಬೆ ನೋಡಲು ಅವರ ಮನೆಗೆ ಹೋದಾಗ. ಸಂಘದ ಪತ್ರಿಕೆಯಲ್ಲಿ ತೀರ್ಪು ಬರೆದು ಕೊಡುತ್ತೇನೆಂದು ಹೇಳಿ ಕೋಸಂಬರಿ ತಿಂದು ಬಂದೆ. ಆ ಸಾಲ ಇಂದು ತೀರಿಸುತ್ತಿದ್ದೇನೆ.

ಎಳೆಯ ಗೆಳೆಯರೇ, ಮೊದಲು ಮಗನ ಪಕ್ಷ ನೋಡೋಣ. ಐಪಿಎಲ್‌ನಲ್ಲಿ ಆಟಗಾರರ ಮೇಲೆ ಒಂದು ತಂಡ ಎಷ್ಟು ಖರ್ಚು ಮಾಡಬಹುದು ಎಂಬುದಕ್ಕೆ ಮಿತಿಯಿದೆ. 2008ರಲ್ಲಿ ಅದು 50 ಲಕ್ಷ ಡಾಲರ್, 2014ರಲ್ಲಿ 60 ಕೋಟಿ ರೂಪಾಯಿ, 2018ರಲ್ಲಿ 80 ಕೋಟಿ, 2025ರಲ್ಲಿ 120 ಕೋಟಿ. ಮಾಲೀಕ ಎಷ್ಟೇ ದೊಡ್ಡ ಸಾಹುಕಾರನಾದರೂ ಹರಾಜಿನ ಕೋಣೆಗೆ ಬಂದಮೇಲೆ ಎಲ್ಲರ ಕೈಚೀಲವೂ ಒಂದೇ ಅಳತೆಯದು. ಅದೇ ಅಳತೆಯ ಚೀಲದಲ್ಲಿ 2025ರವರೆಗೆ ಚೆನ್ನೈ ಐದು ಕಪ್ ತಂದಿತು, ಮುಂಬೈ ಐದು, ಕೋಲ್ಕತ್ತಾ ಮೂರು. ನಮ್ಮ ದೆಹಲಿ ಒಂದನ್ನೂ ತರಲಿಲ್ಲ. ದುಡ್ಡೇ ಎಲ್ಲವನ್ನೂ ತೀರ್ಮಾನಿಸುವುದಾದರೆ ಇವರೆಲ್ಲ ಸರಿಸುಮಾರು ಸಮಸಮ ಇರಬೇಕಿತ್ತಲ್ಲವೇ?

ಅಮೆರಿಕದ ಬೇಸ್‌ಬಾಲಿನಲ್ಲಿ ಇಂಥ ಕಟ್ಟುನಿಟ್ಟಿನ ಮಿತಿಯಿಲ್ಲ. ಒಂದು ಗೆರೆ ದಾಟಿದರೆ ಲೀಗಿಗೆ ಹೆಚ್ಚಿನ ತೆರಿಗೆ ಕಟ್ಟಬೇಕು, ಅಷ್ಟೇ. ಆದ್ದರಿಂದ ರಾಯರ ಪ್ರಶ್ನೆ ಅಲ್ಲಿ ಹಳೆಯದು. 'ಮನಿಬಾಲ್' ಸಿನಿಮಾ ನೋಡಿದವರಿಗೆ 2002ರ ಓಕ್ಲೆಂಡ್ ತಂಡದ ಕತೆ ಗೊತ್ತು: ಸುಮಾರು 4 ಕೋಟಿ ಡಾಲರ್ ಸಂಬಳದ ಆ ತಂಡ 103 ಪಂದ್ಯ ಗೆದ್ದಿತು. ಅದರ ಮೂರು ಪಟ್ಟು ಸಂಬಳ ಕೊಡುತ್ತಿದ್ದ ನ್ಯೂಯಾರ್ಕ್ ಯಾಂಕೀಸ್ ಗೆದ್ದದ್ದೂ 103. ಎರಡೂ ನಾಕೌಟಿನ ಮೊದಲ ಸುತ್ತಿನಲ್ಲೇ ಮನೆಗೆ ಹೋದವು ಎಂಬುದನ್ನು ಮಾತ್ರ ಕತೆ ಹೇಳುವವರು ಸ್ವಲ್ಪ ಮೆಲ್ಲಗೆ ಹೇಳುತ್ತಾರೆ. 2023ರಲ್ಲಿ ಎಲ್ಲರಿಗಿಂತ ಹೆಚ್ಚು ಸಂಬಳ ಕೊಟ್ಟ ನ್ಯೂಯಾರ್ಕ್ ಮೆಟ್ಸ್ 75 ಗೆದ್ದು 87 ಸೋತಿತು. ಆದರೆ ಲಾಸ್ ಏಂಜಲೀಸಿನ ಡಾಡ್ಜರ್ಸ್ ನೋಡಿ, ಶೋಹೇ ಒಹ್ತಾನಿ ಒಬ್ಬನಿಗೇ ಹತ್ತು ವರ್ಷಕ್ಕೆ 70 ಕೋಟಿ ಡಾಲರಿನ ಒಪ್ಪಂದ ಬರೆದುಕೊಟ್ಟು 2024, 2025 ಎರಡೂ ವರ್ಷ ಚಾಂಪಿಯನ್ ಆಯಿತು. ಅಲ್ಲಿ ಒಂದು ಋತುವಿಗೆ ಒಂದೊಂದು ತಂಡ 162 ಪಂದ್ಯ ಆಡುತ್ತದೆ. ಅಷ್ಟು ಉದ್ದದ ದಾರಿಯಲ್ಲಿ ಒಳ್ಳೆಯ ಎತ್ತು ಕೊಂಡವನ ಗಾಡಿ ಹೇಗೂ ಮುಂದಿರುತ್ತದೆ. ಕೊನೆಯ ಕೆಲವು ಪಂದ್ಯಗಳಲ್ಲಿ ಮಾತ್ರ ಯಾರ ಗಾಡಿಯ ಕಡಾಣಿ ಬೇಕಾದರೂ ಕಳಚಬಹುದು. ಐಪಿಎಲ್ ಲೀಗಿನಲ್ಲಿ ಇರುವುದು ಬರೀ ಹದಿನಾಲ್ಕು ಪಂದ್ಯ!

ಈಗ ನಮ್ಮ ಮನೆಯ ಲೆಕ್ಕ. 2008ರಲ್ಲಿ ತಂಡಗಳನ್ನೇ ಹರಾಜಿಗಿಟ್ಟಾಗ ಮುಂಬೈ 11.19 ಕೋಟಿ ಡಾಲರಿಗೂ ಬೆಂಗಳೂರು 11.16 ಕೋಟಿಗೂ ಹೋದವು. ದೆಹಲಿ 8.4 ಕೋಟಿ. ಎಲ್ಲಕ್ಕಿಂತ ಅಗ್ಗ ಜೈಪುರ, 6.7 ಕೋಟಿ. ಮೊದಲ ಕಪ್ ಹೋದದ್ದು ಜೈಪುರಕ್ಕೆ. ಎಂಟು ತಂಡಗಳಲ್ಲಿ ಬೆಂಗಳೂರಿನದು ಏಳನೆಯ ಸ್ಥಾನ. ಏಪ್ರಿಲ್ 18ರಂದು ಚಿನ್ನಸ್ವಾಮಿಯಲ್ಲಿ ನಡೆದ ಐಪಿಎಲ್‌ನ ಮೊಟ್ಟಮೊದಲ ಪಂದ್ಯದಲ್ಲಿ ಕೋಲ್ಕತ್ತಾದ ಮೆಕಲಮ್ ಒಬ್ಬನೇ 158 ಹೊಡೆದ. ನಮ್ಮ ಇಡೀ ತಂಡ ಸೇರಿ 82! ದ್ರಾವಿಡ್, ಕಾಲಿಸ್, ವಾಸಿಂ ಜಾಫರ್, ಬೌಚರ್ ಎಲ್ಲ ಇದ್ದ ತಂಡ. ಟೆಸ್ಟ್ ತಂಡವನ್ನು ಇಪ್ಪತ್ತು ಓವರಿನ ಆಟಕ್ಕೆ ಕಳಿಸಿದ್ದಾರೆಂದು ಜನ ಆಡಿಕೊಂಡರು.

ಲೆಕ್ಕದ ಹುಡುಗರಿಗಾಗಿ ಒಂದು ಕೂಡುವ ಲೆಕ್ಕ. ರಾಜಸ್ಥಾನ ತಂಡ ಶೇನ್ ವಾರ್ನ್‌ಗೆ ಕೊಟ್ಟದ್ದು 4.5 ಲಕ್ಷ ಡಾಲರ್, ಶೇನ್ ವಾಟ್ಸನ್‌ಗೆ 1.25 ಲಕ್ಷ, ಸೊಹೈಲ್ ತನ್ವೀರ್‌ಗೆ 1 ಲಕ್ಷ. ಮೂವರೂ ಸೇರಿ 6.75 ಲಕ್ಷ. ಬೆಂಗಳೂರು ಕಾಲಿಸ್ ಒಬ್ಬರಿಗೇ ಕೊಟ್ಟದ್ದು 9 ಲಕ್ಷ. ಆ ವರ್ಷ ವಾರ್ನ್ ಕಪ್ ಎತ್ತಿದ ನಾಯಕ, ವಾಟ್ಸನ್ ಟೂರ್ನಿಯ ಶ್ರೇಷ್ಠ ಆಟಗಾರ, ತನ್ವೀರ್ 22 ವಿಕೆಟ್ ತೆಗೆದು ಬೌಲರುಗಳಲ್ಲಿ ಮೊದಲಿಗ. ಕಾಲಿಸ್ ಮಹಾನ್ ಆಟಗಾರರು, ಅದರಲ್ಲಿ ಎರಡು ಮಾತಿಲ್ಲ. ಬೆಂಗಳೂರು ಬೆಲೆ ಕಟ್ಟಿದ್ದು ಅವರ ಹಿಂದಿನ ಹತ್ತು ವರ್ಷಗಳ ಹೆಸರಿಗೆ. ವಾರ್ನ್ ಹುಡುಕಿದ್ದು ಮುಂದಿನ ಆರು ವಾರಗಳಿಗೆ ಯಾರು ಬೇಕು ಎಂಬುದನ್ನು.

ಆದರೂ ಅದೇ ವರ್ಷ ಬೆಂಗಳೂರು ಒಂದು ಅಗ್ಗದ ವ್ಯಾಪಾರವನ್ನೂ ಮಾಡಿತು. ಇದನ್ನು ದೆಹಲಿಯ ಹುಡುಗರು ಅವಶ್ಯ ತಿಳಿದಿರಬೇಕು. 19 ವರ್ಷದೊಳಗಿನ ಆಟಗಾರರನ್ನು ಹಂಚಿಕೊಳ್ಳುವಾಗ ದೆಹಲಿ ತಂಡದವರು ಪ್ರದೀಪ್ ಸಂಗ್ವಾನ್ ಎಂಬ ಎಡಗೈ ವೇಗಿಯನ್ನು ಆರಿಸಿಕೊಂಡರು. ಪಶ್ಚಿಮ ದೆಹಲಿಯ ಇನ್ನೊಬ್ಬ ಹುಡುಗ ಬೆಂಗಳೂರಿನ ಪಾಲಿಗೆ ಬಂದ, 30,000 ಡಾಲರಿಗೆ. ಆತನೇ ವಿರಾಟ್ ಕೊಹ್ಲಿ. ಮನೆಯ ಹಿತ್ತಲ ಗಿಡ ಮದ್ದಲ್ಲ ಎಂಬ ನಮ್ಮ ಗಾದೆ ಜಮುನಾಪಾರಕ್ಕೂ ಗೊತ್ತಿರಬೇಕು.

2009ರಲ್ಲಿ ಬೆಂಗಳೂರು ಮತ್ತೆ ದೊಡ್ಡ ಹೆಸರಿನ ಹಿಂದೆ ಹೋಯಿತು. ಕೆವಿನ್ ಪೀಟರ್ಸನ್‌ಗೆ 15.5 ಲಕ್ಷ ಡಾಲರ್, ಜೊತೆಗೆ ನಾಯಕತ್ವ. ಆರು ಪಂದ್ಯ ಆಡಿ ಅವರು ಇಂಗ್ಲೆಂಡ್ ತಂಡಕ್ಕಾಗಿ ಹೊರಟುಹೋದರು. ಆಮೇಲೆ ನಮ್ಮ ಅನಿಲ್ ಕುಂಬ್ಳೆ ತಂಡವನ್ನು ಹೆಗಲ ಮೇಲೆ ಹೊತ್ತು ಫೈನಲಿಗೆ ತಂದರು. ಜೋಹಾನ್ಸ್‌ಬರ್ಗಿನ ಆ ಫೈನಲಿನಲ್ಲಿ 16 ರನ್ನಿಗೆ 4 ವಿಕೆಟ್ ತೆಗೆದರು. ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ಎದುರು ಸೋತದ್ದು ಆರು ರನ್ನುಗಳಿಂದ. ಹದಿನಾರು ವರ್ಷಗಳ ನಂತರ ಗೆದ್ದದ್ದೂ ಅದೇ ಆರು ರನ್ನುಗಳಿಂದ.

ಇನ್ನು 2014. ಇದು ನನ್ನ ಮಟ್ಟಿಗೆ ಇಡೀ ವಾದದ ತಿರುಳು. ಆ ವರ್ಷದ ಹರಾಜಿನಲ್ಲಿ ಬೆಂಗಳೂರು ಯುವರಾಜ್ ಸಿಂಗ್‌ಗೆ 14 ಕೋಟಿ ಕೊಟ್ಟಿತು, ಅವತ್ತಿಗೆ ಅದೇ ಎಲ್ಲರಿಗಿಂತ ಹೆಚ್ಚು. ಯುವರಾಜ್ ಕೆಟ್ಟದಾಗಿಯೇನೂ ಆಡಲಿಲ್ಲ. 376 ರನ್ ಮಾಡಿದರು. ತಂಡ ಮಾತ್ರ ಏಳನೆಯದಾಯಿತು. (12.5 ಕೋಟಿ ಕೊಟ್ಟು ದಿನೇಶ್ ಕಾರ್ತಿಕರನ್ನು ಕೊಂಡ ನಮ್ಮ ದೆಹಲಿ ಎಂಟನೆಯದು. ಮರುವರ್ಷ ದೆಹಲಿ ಯುವರಾಜರಿಗೆ 16 ಕೋಟಿ ಕೊಟ್ಟಿತು, ಬೆಂಗಳೂರು ಕಾರ್ತಿಕರಿಗೆ 10.5 ಕೋಟಿ. ಒಬ್ಬರು ಬಿಟ್ಟ ಮನೆಗೆ ಇನ್ನೊಬ್ಬರು ಬಾಡಿಗೆ ಕಟ್ಟಿದಂತೆ!)

ಅದೇ ಹರಾಜಿನಲ್ಲಿ ಕೋಲ್ಕತ್ತಾ ಏನು ಮಾಡಿತು? ರಾಬಿನ್ ಉತ್ತಪ್ಪನವರಿಗೆ 5 ಕೋಟಿ, ದಾವಣಗೆರೆಯ ವಿನಯ್ ಕುಮಾರ್‌ಗೆ 2.8 ಕೋಟಿ, ಮನೀಶ್ ಪಾಂಡೆಗೆ 1.7 ಕೋಟಿ ಕೊಟ್ಟಿತು. ಮೂವರೂ ಕರ್ನಾಟಕದವರು, ಮೂವರೂ ಹಿಂದೆ ಬೆಂಗಳೂರಿನ ಅಂಗಿ ತೊಟ್ಟವರೇ. ಕೂಡಿದರೆ 9.5 ಕೋಟಿ. 14 ಕೋಟಿಯಲ್ಲಿ ಈ ಮೂವರನ್ನೂ ಕೊಂಡು ಇನ್ನೂ ನಾಲ್ಕೂವರೆ ಕೋಟಿ ಮಿಗುತ್ತಿತ್ತು. ಉತ್ತಪ್ಪ 660 ರನ್ ಹೊಡೆದು ಆ ವರ್ಷ ಎಲ್ಲರಿಗಿಂತ ಮುಂದೆ ನಿಂತರು. ಜೂನ್ 1ರಂದು ಫೈನಲ್. ಎಲ್ಲಿ? ನಮ್ಮ ಚಿನ್ನಸ್ವಾಮಿಯಲ್ಲೇ. ಪಂಜಾಬಿನ 199ನ್ನು ಬೆನ್ನಟ್ಟಿ ಮನೀಶ್ ಪಾಂಡೆ 94 ಹೊಡೆದು ಕೋಲ್ಕತ್ತಾಕ್ಕೆ ಕಪ್ ಗೆದ್ದುಕೊಟ್ಟರು. ಬೆಂಗಳೂರಿನ ಮೈದಾನದಲ್ಲಿ ಕರ್ನಾಟಕದ ಹುಡುಗರು ಕಪ್ ಗೆದ್ದರು, ಮೈಮೇಲಿದ್ದದ್ದು ಮಾತ್ರ ಬಂಗಾಳದ ನೇರಳೆ ಅಂಗಿ. ಆ ರಾತ್ರಿ ನನಗೆ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯಲಿಲ್ಲ.

ಇದಕ್ಕಿಂತ ದೊಡ್ಡ ವಿಚಿತ್ರವೆಂದರೆ ಅದೇ ಕಾಲದಲ್ಲಿ ಕರ್ನಾಟಕದ ತಂಡ ದೇಶವನ್ನೇ ಆಳುತ್ತಿತ್ತು. 2013-14 ಮತ್ತು 2014-15, ಎರಡು ಋತುಗಳಲ್ಲೂ ವಿನಯ್ ಕುಮಾರ್ ನಾಯಕತ್ವದ ತಂಡ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಗೆದ್ದಿತು. 2015ರ ರಣಜಿ ಫೈನಲಿನಲ್ಲಿ ತಮಿಳುನಾಡಿನ ಮೇಲೆ ಕರುಣ್ ನಾಯರ್ 328, ಕೆ.ಎಲ್. ರಾಹುಲ್ 188. ರಣಜಿಯಲ್ಲಿ ಹರಾಜಿಲ್ಲ, ಸ್ಟಾರ್ ಬೆಲೆಯಿಲ್ಲ. ಮಂಡಳಿಯ ಪಂದ್ಯ ಶುಲ್ಕ ಯಾವ ರಾಜ್ಯದವನಿಗೂ ಒಂದೇ. ಒಟ್ಟಿಗೆ ಬೆಳೆದವರು, ಒಂದೇ ನೆಟ್ಟಿನಲ್ಲಿ ಬೆವರು ಸುರಿಸಿದವರು, ಯಾರ ಹಿಂದೆ ಯಾರು ಬರಬೇಕೆಂದು ಬಲ್ಲವರು. ಈ ಹೊಂದಾಣಿಕೆ ಯಾವ ಹರಾಜಿನ ಪಟ್ಟಿಯಲ್ಲೂ ಇರುವುದಿಲ್ಲ.

ರಣಜಿಯ ಮಾತು ಬಂದಾಗ ಸ್ವಂತದ ಒಂದು ನೆನಪು ಹೇಳದೆ ಇರಲಾರೆ. ನಾನು ದೆಹಲಿಗೆ ಬಂದ ಹೊಸತು, 1982. ಫಿರೋಜ್ ಷಾ ಕೋಟ್ಲಾದಲ್ಲಿ ದೆಹಲಿ-ಕರ್ನಾಟಕ ರಣಜಿ ಫೈನಲ್. ಕಚೇರಿಗೆ ರಜೆ ಹಾಕಿ ಹೋಗಿದ್ದೆ. ಕರ್ನಾಟಕ 705 ಹೊಡೆಯಿತು! ಕಪ್ ಬಂತೆಂದು ನಾವು ನಾಲ್ಕಾರು ಕನ್ನಡಿಗರು ಸಿಹಿ ಹಂಚಿದೆವು. ದೆಹಲಿಯವರು ಹೆಚ್ಚೇನೂ ಮಾತಾಡದೆ ಆಡುತ್ತ ಹೋದರು. ಕೊನೆಗೆ ಬಾಲದ ರಾಕೇಶ್ ಶುಕ್ಲಾ, ರಾಜೇಶ್ ಪೀಟರ್ ಇಬ್ಬರೂ ಒಂಬತ್ತನೆಯ ವಿಕೆಟ್ಟಿಗೆ ಬಂಡೆಯಂತೆ ನಿಂತು ಸ್ಕೋರನ್ನು 8 ವಿಕೆಟ್ಟಿಗೆ 707ಕ್ಕೆ ಮುಟ್ಟಿಸಿದರು. ಎರಡೇ ಎರಡು ರನ್ನಿನ ಮುನ್ನಡೆ, ಕಪ್ ಅವರಿಗೆ. ಆ ದಿನಗಳಲ್ಲಿ ಜಿ.ಆರ್. ವಿಶ್ವನಾಥರಂಥವರೂ ಸ್ಟೇಟ್ ಬ್ಯಾಂಕಿನ ನೌಕರರು. ಹರಾಜಿನ ಮಾತೇ ಇಲ್ಲದ ಆ ಕಾಲದಲ್ಲೂ ಸೋಲು ಹೀಗೆಯೇ ಕಚ್ಚುತ್ತಿತ್ತು.

ಐಪಿಎಲ್‌ಗೆ ಮರಳೋಣ. ಬೆಂಗಳೂರಿನ ನಿಜವಾದ ತೊಂದರೆ ಚೀಲದ ತೂಕದ್ದಲ್ಲ, ಚೀಲದೊಳಗಿನ ಸಾಮಾನಿನದು. ಚಿನ್ನಸ್ವಾಮಿ ಎತ್ತರದ ಊರಿನ ಚಿಕ್ಕ ಮೈದಾನ. ಅಲ್ಲಿ ಚೆಂಡು ಹಾರುತ್ತದೆ. ಹಾರಿಸುವವರನ್ನು ಕೊಳ್ಳುವ ಆಸೆ ಸಹಜ. ಆದರೆ ಎದುರಾಳಿಗೂ ಅದೇ ಮೈದಾನ ತಾನೇ? ಆದ್ದರಿಂದ ಅಲ್ಲಿ ಬೌಲರ್ ಬೇಕು. 2016ರಲ್ಲಿ ಕೊಹ್ಲಿ 973 ರನ್ ಹೊಡೆದರು. ಒಬ್ಬ ಮನುಷ್ಯ ಒಂದು ಋತುವಿನಲ್ಲಿ ಇನ್ನೆಷ್ಟು ಮಾಡಬಹುದು? ಫೈನಲ್ ಮತ್ತೆ ಬೆಂಗಳೂರಿನಲ್ಲೇ, ಹೈದರಾಬಾದ್ ಎದುರು. ಆ ವರ್ಷದ ಹರಾಜಿನ ಅತಿ ದುಬಾರಿ ಆಟಗಾರ ನಮ್ಮಲ್ಲೇ ಇದ್ದರು, 9.5 ಕೋಟಿಯ ಶೇನ್ ವಾಟ್ಸನ್. ಋತುವೆಲ್ಲ 20 ವಿಕೆಟ್ ತೆಗೆದಿದ್ದ ಆ ಮನುಷ್ಯ ಫೈನಲಿನ ನಾಲ್ಕು ಓವರಿನಲ್ಲಿ 61 ರನ್ ಕೊಟ್ಟರು. ನಾವು ಸೋತದ್ದು ಎಂಟು ರನ್ನಿನಿಂದ. 1.25 ಲಕ್ಷ ಡಾಲರಿಗೆ ಜೈಪುರಕ್ಕೆ ಕಪ್ ತಂದವರೂ ಇವರೇ. ಬೆಲೆ ಏರಿದ್ದರಿಂದ ವಾಟ್ಸನ್ ಕೆಟ್ಟ ಆಟಗಾರರಾಗಲಿಲ್ಲ. ಫೈನಲ್ ಎಂಬುದು ಒಂದು ಸಂಜೆಯ ಮಾತು. ಅಲ್ಲಿಯವರೆಗೆ ಕರೆತರುವುದಷ್ಟೇ ದುಡ್ಡಿನ ಕೈಯಲ್ಲಿದೆ.

ಅತ್ತ ಸಿಕ್ಕ ಚಿನ್ನವನ್ನು ಬಿಟ್ಟದ್ದೂ ಉಂಟು. ಬೆಂಗಳೂರಿಗೆ ಐಪಿಎಲ್‌ನಲ್ಲಿ 139 ವಿಕೆಟ್ ತೆಗೆದುಕೊಟ್ಟ ಚಾಹಲ್ 2022ರಲ್ಲಿ ರಾಜಸ್ಥಾನಕ್ಕೆ ಹೋಗಿ ಆ ವರ್ಷವೇ 27 ವಿಕೆಟ್ ತೆಗೆದು ಮೊದಲಿಗರಾದರು. ಹಾಗೆಯೇ ಬೀದಿಯಲ್ಲಿ ಬಿದ್ದ ಚಿನ್ನ ಸಿಕ್ಕದ್ದೂ ಉಂಟು. 2011ರ ಹರಾಜಿನಲ್ಲಿ ಯಾರೂ ಕೊಳ್ಳದ ಕ್ರಿಸ್ ಗೇಲ್ ಗಾಯಾಳುವಿನ ಬದಲಿಗೆ ಬಂದು 608 ರನ್ ಹೊಡೆದರು. 2022ರಲ್ಲಿ ಯಾರೂ ಕೊಳ್ಳದ ಇಂದೋರಿನ ರಜತ್ ಪಾಟೀದಾರ್ ಕರ್ನಾಟಕದ ಲವನೀತ್ ಸಿಸೋಡಿಯಾ ಗಾಯಗೊಂಡಾಗ 20 ಲಕ್ಷಕ್ಕೆ ಬಂದು ಎಲಿಮಿನೇಟರ್ ಪಂದ್ಯದಲ್ಲಿ ಔಟಾಗದೆ 112 ಹೊಡೆದರು. 2025ರಲ್ಲಿ ಕಪ್ ಎತ್ತಿದ ನಾಯಕ ಇದೇ ಪಾಟೀದಾರ್.

ಆ 2025ರ ತಂಡವನ್ನು ಕಟ್ಟಿದ ಬಗೆ ಬೇರೆ. 2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ಹರಾಜು ನಡೆದಾಗ ಲಖನೌ ತಂಡ ರಿಷಭ್ ಪಂತ್‌ಗೆ 27 ಕೋಟಿ ಕೊಟ್ಟಿತು, ಕೋಲ್ಕತ್ತಾ ವೆಂಕಟೇಶ್ ಅಯ್ಯರ್‌ಗೆ 23.75 ಕೋಟಿ. ಕೊಹ್ಲಿಯನ್ನು 21 ಕೋಟಿಗೆ ಮೊದಲೇ ಉಳಿಸಿಕೊಂಡಿದ್ದ ಬೆಂಗಳೂರು ಹರಾಜಿನಲ್ಲಿ ಯಾರಿಗೂ 12.5 ಕೋಟಿ ದಾಟಲಿಲ್ಲ, ಆ 12.5 ಹೋದದ್ದೂ ಹೇಜಲ್‌ವುಡ್ ಎಂಬ ಬೌಲರಿಗೆ. ಭುವನೇಶ್ವರ್ ಕುಮಾರ್‌ಗೆ 10.75 ಕೋಟಿ, ಕೃಣಾಲ್ ಪಾಂಡ್ಯಗೆ 5.75 ಕೋಟಿ. ನಮ್ಮ ಹುಡುಗರೆಲ್ಲ ಅಂದು ಬೈದುಕೊಂಡರು, ಸ್ಟಾರ್ ಯಾರೂ ಬರಲಿಲ್ಲವೆಂದು. ಲೀಗಿನಲ್ಲಿ ಹೊರಗೂರಿನ ಏಳಕ್ಕೆ ಏಳು ಪಂದ್ಯವನ್ನೂ ಈ ತಂಡ ಗೆದ್ದಿತು. ಫೈನಲಿನಲ್ಲಿ 17 ರನ್ನಿಗೆ 2 ವಿಕೆಟ್ ತೆಗೆದು ಪಂದ್ಯ ತಿರುಗಿಸಿದ್ದು ಕೃಣಾಲ್. 27 ಕೋಟಿಯ ಲಖನೌ ಏಳನೆಯದು, 23.75 ಕೋಟಿಯ ಕೋಲ್ಕತ್ತಾ ಎಂಟನೆಯದು.

ಹಾಗೆಂದು ರಾಯರನ್ನು ಪೂರ್ತಿ ಔಟೆಂದು ಕೊಡಲಾರೆ. 2024ರಲ್ಲಿ ಕೋಲ್ಕತ್ತಾ ಮಿಚೆಲ್ ಸ್ಟಾರ್ಕ್‌ಗೆ 24.75 ಕೋಟಿ ಕೊಟ್ಟಾಗ ಜಗತ್ತೇ ನಕ್ಕಿತು. ಲೀಗಿನಲ್ಲಿ ಅವರು ಚೆನ್ನಾಗಿ ಹೊಡೆಸಿಕೊಂಡರು ಕೂಡ. ಆದರೆ ಕ್ವಾಲಿಫೈಯರ್ ಮತ್ತು ಫೈನಲ್ ಎರಡರಲ್ಲೂ ಪಂದ್ಯಶ್ರೇಷ್ಠರಾಗಿ ಕಪ್ ತಂದುಕೊಟ್ಟರು. 2025ರಲ್ಲಿ 26.75 ಕೋಟಿಯ ಶ್ರೇಯಸ್ ಅಯ್ಯರ್ ಪಂಜಾಬನ್ನು ಫೈನಲಿಗೆ ತಂದರು. ದುಡ್ಡು ಕೆಲಸ ಮಾಡುತ್ತದೆ, ಕೊಂಡವನಿಗೆ ಯಾಕೆ ಕೊಂಡೆನೆಂದು ಗೊತ್ತಿದ್ದರೆ.

ಗೊತ್ತಿಲ್ಲದಿದ್ದರೆ ಏನಾಗುತ್ತದೆಂದು ಕಬಡ್ಡಿ ಹೇಳುತ್ತದೆ. ನಮ್ಮ ದೆಹಲಿಯ ಬವಾನಾದ ಪವನ್ ಸೆಹ್ರಾವತ್ ಬೆಂಗಳೂರು ಬುಲ್ಸ್‌ಗೆ 52.8 ಲಕ್ಷಕ್ಕೆ ಹೋಗಿ, 2019ರ ಜನವರಿಯ ಫೈನಲಿನಲ್ಲಿ ಒಬ್ಬನೇ 22 ಪಾಯಿಂಟ್ ತಂದು ಟ್ರೋಫಿ ಗೆಲ್ಲಿಸಿದ. 2022ರಲ್ಲಿ ತಮಿಳು ತಲೈವಾಸ್ 2.26 ಕೋಟಿ ಕೊಟ್ಟರು. ಮೊದಲ ಪಂದ್ಯದಲ್ಲೇ ಮಂಡಿಗೆ ಪೆಟ್ಟು! ಅವನಿಲ್ಲದೆಯೇ ಆ ತಂಡ ಮೊದಲ ಬಾರಿಗೆ ಸೆಮಿಫೈನಲ್ ಸೇರಿತು. ಮುಂದಿನ ಹರಾಜಿನಲ್ಲಿ ತೆಲುಗು ಟೈಟನ್ಸ್ 2.6 ಕೋಟಿ ದಾಟಿಸಿದರು. 22 ಪಂದ್ಯದಲ್ಲಿ ಗೆದ್ದದ್ದು ಎರಡು, ಸ್ಥಾನ ಕಟ್ಟಕಡೆಯದು.

ಇಷ್ಟು ಬರೆದು ಮೊನ್ನೆ ಸಂಜೆ ರಾಯರಿಗೆ ಓದಿ ತೋರಿಸಿದೆ. ಕೇಳಿದರು. "ಸರಿ ಸ್ವಾಮಿ, ಲೆಕ್ಕ ಸರಿಯಾಗಿದೆ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: "ನಾನು ಹೇಳಿದ್ದು ಆ ದುಡ್ಡಿನ ಮಾತಲ್ಲ."

ಆಗ ತಿಳಿಯಿತು, ಜಗಳ ಆರ್‌ಸಿಬಿಯದೇ ಅಲ್ಲ ಎಂದು.

ನಿಮಗೆ 2024ರ ಮಾರ್ಚ್ 17ರ ಭಾನುವಾರ ನೆನಪಿರಬಹುದು. ಮಹಿಳೆಯರ ಪ್ರೀಮಿಯರ್ ಲೀಗಿನ ಫೈನಲ್, ದೆಹಲಿ-ಬೆಂಗಳೂರು, ಅದೇ ಕೋಟ್ಲಾದಲ್ಲಿ (ಈಗ ಅರುಣ್ ಜೇಟ್ಲಿ ಸ್ಟೇಡಿಯಂ). ನಾನು, ರಾಯರ ಮಗ, ಮಗಳು ಮೂವರೂ ಲಕ್ಷ್ಮೀ ನಗರದಲ್ಲಿ ಮೆಟ್ರೋ ಹತ್ತಿ, ಮಂಡಿ ಹೌಸಿನಲ್ಲಿ ಬದಲಿಸಿ ದೆಹಲಿ ಗೇಟಿನಲ್ಲಿ ಇಳಿದೆವು. ದೆಹಲಿ ವಿಕೆಟ್ ನಷ್ಟವಿಲ್ಲದೆ 64ರಲ್ಲಿತ್ತು. ಸೋಫಿ ಮೊಲಿನೊ ಎಂಬ 30 ಲಕ್ಷದ ಆಸ್ಟ್ರೇಲಿಯಾದ ಹುಡುಗಿ ಒಂದೇ ಓವರಿನಲ್ಲಿ ಮೂವರನ್ನು ಕಳಿಸಿದಳು. ಆಮೇಲೆ ಬಂದದ್ದು ನಮ್ಮ ಶ್ರೇಯಾಂಕಾ ಪಾಟೀಲ್. 12 ರನ್ನಿಗೆ 4 ವಿಕೆಟ್! ದೆಹಲಿ 113ಕ್ಕೆ ಮುಗಿಯಿತು. ಬೆಂಗಳೂರು ಎಂಟು ವಿಕೆಟ್ಟಿನಿಂದ ಗೆದ್ದಿತು. ಆ ಋತುವಿನಲ್ಲಿ ಎಲ್ಲರಿಗಿಂತ ಹೆಚ್ಚು ವಿಕೆಟ್ ತೆಗೆದ ಶ್ರೇಯಾಂಕಾಳನ್ನು ಕೊಂಡದ್ದು ಎಷ್ಟಕ್ಕೆ ಗೊತ್ತೇ? ಬರೀ 10 ಲಕ್ಷಕ್ಕೆ. ಆ ಲೀಗಿನ ಅತಿ ದುಬಾರಿ ಆಟಗಾರ್ತಿ, 3.4 ಕೋಟಿಯ ಸ್ಮೃತಿ ಮಂಧಾನಾ ಇದ್ದರೂ 2023ರಲ್ಲಿ ಇದೇ ತಂಡ ಎಂಟರಲ್ಲಿ ಎರಡೇ ಪಂದ್ಯ ಗೆದ್ದಿತ್ತು. ತಂಡದ ಹಕ್ಕಿಗೆ ಎಲ್ಲರಿಗಿಂತ ಹೆಚ್ಚು, 1,289 ಕೋಟಿ ಕೊಟ್ಟ ಗುಜರಾತ್ ಆ ಎರಡು ವರ್ಷವೂ ಕೊನೆಯಲ್ಲೇ ಇತ್ತು.

ಅಂದಿನಿಂದ ರಾಯರ ಮಗಳು ಶ್ರೇಯಾಂಕಾಳ ಹಾಗೆ ಆಫ್ ಸ್ಪಿನ್ ಮಾಡುತ್ತಾಳೆ. ಪಾರ್ಕಿನಲ್ಲಿ ಹುಡುಗರ ಜೊತೆ, ಹುಡುಗರು ಸೇರಿಸಿಕೊಳ್ಳದಿದ್ದರೆ ಗೋಡೆಯ ಜೊತೆ. ಈ ವರ್ಷ ಅವಳ ಶಾಲೆಯ ಪಿ.ಟಿ. ಟೀಚರ್ ಒಂದು ಅಕಾಡೆಮಿಗೆ ಸೇರಿಸಿ ಎಂದರಂತೆ. ರಾಯರು ಹೋಗಿ ಕೇಳಿ ಬಂದಿದ್ದಾರೆ. ತಿಂಗಳ ಫೀಸು, ಬಿಳಿ ಉಡುಪು, ಸ್ಪೈಕ್ ಶೂ, ಹೋಗಿ ಬರುವ ಆಟೋ. ಮಗನ ಕೋಚಿಂಗಿಗೆ ಈಗಾಗಲೇ ಕಟ್ಟುತ್ತಿರುವ ಕಂತಿನ ಪಕ್ಕದಲ್ಲಿ ಇದನ್ನೂ ಬರೆದು ಕೂಡಿಸಿ ನೋಡಿದ್ದಾರೆ. "ಹರಾಜಿಗೆ ಬಂದಮೇಲೆ ಎಲ್ಲರಿಗೂ ಪರ್ಸ್ ಒಂದೇ, ನಿಜ. ಆದರೆ ಹರಾಜಿನವರೆಗೆ ಹೋಗೋದಕ್ಕೆ? ಅಲ್ಲಿ ಎಲ್ಲರ ಪರ್ಸೂ ಒಂದೇ ಏನ್ರಿ?" ಎಂದರು.

ನನ್ನ ಬಳಿ ಉತ್ತರವಿರಲಿಲ್ಲ. ಹೈದರಾಬಾದಿನ ಆಟೋ ಚಾಲಕರ ಮಗ ಮೊಹಮ್ಮದ್ ಸಿರಾಜ್ ಬೆಂಗಳೂರಿಗೆ ಏಳು ವರ್ಷ ಬೌಲ್ ಮಾಡಿದ ಕತೆ ಹೇಳಿದೆ. ಆ ಕತೆ ಅವರಿಗೂ ಗೊತ್ತಿತ್ತು. ಒಬ್ಬ ಸಿರಾಜನ ಹಿಂದೆ ಬಾರದೆ ಉಳಿದವರು ಎಷ್ಟು ಮಂದಿಯೋ ಎಂದರು. ಅವರ ಮಾತು ಸರಿಯೆಂದು ನನಗೂ ಅನಿಸಿತು. ಇಷ್ಟು ಹೊತ್ತು ನಾನು ಕೂಡಿಸಿ ಕಳೆದ ಕೋಟಿಗಳೆಲ್ಲ ಒಳಗೆ ಹೋದವರ ಲೆಕ್ಕ. ಗೇಟಿನ ಹೊರಗಿನವರ ಲೆಕ್ಕವನ್ನು ನಾನು ಮುಟ್ಟಿಯೇ ಇರಲಿಲ್ಲ.

ಅಷ್ಟರಲ್ಲಿ ಮಗಳು ಒಳಗಿಂದ ಬಂದಳು. ಮಾತೆಲ್ಲ ಕೇಳಿಸಿಕೊಂಡಿದ್ದಳೆಂದು ಮುಖದಲ್ಲೇ ಗೊತ್ತಾಗುತ್ತಿತ್ತು. "ಅಪ್ಪ, ಬಿಳಿ ಉಡುಪು ಈಗಲೇ ಬೇಡ. ಶೂ ಸಾಕು. ಮತ್ತೆ ಲೆದರ್ ಬಾಲ್. ಟೆನಿಸ್ ಬಾಲಲ್ಲಿ ಗ್ರಿಪ್ಪೇ ಬರಲ್ಲ" ಎಂದಳು. ಅಣ್ಣ ಮೊಬೈಲಿನಿಂದ ತಲೆಯೆತ್ತಿ, ತನ್ನ ಟೆಸ್ಟ್ ಸೀರೀಸ್ ಒಂದು ಕಮ್ಮಿ ಮಾಡಿದರೂ ನಡೆಯುತ್ತದೆ ಎಂದ. ಅದು ತ್ಯಾಗವೋ ಸೋಮಾರಿತನವೋ ಹೇಳುವುದು ಕಷ್ಟ.

ರಾಯರು ಇಬ್ಬರ ಮುಖವನ್ನೂ ನೋಡಿದರು. ಆಮೇಲೆ ನನ್ನನ್ನು ಕೇಳಿದರು: "ಚೆಂಡು, ಬ್ಯಾಟು ಎಲ್ಲ ಮೀರತ್‌ನಲ್ಲೇ ಮಾಡೋದಲ್ವೇ? ಸೂರಜ್ ಕುಂಡದ ಅಂಗಡಿಗಳಲ್ಲಿ ಡಜನ್ ಲೆಕ್ಕದಲ್ಲಿ ತಗೊಂಡ್ರೆ ಕಡಿಮೆ ಆಗಬಹುದು. ಭಾನುವಾರ ಬೆಳಿಗ್ಗೆ ಆನಂದ್ ವಿಹಾರದಿಂದ ಬಸ್ಸು ಎಷ್ಟು ಹೊತ್ತಿಗಿರುತ್ತೆ?"